ಮಳೆ ಮಹಾಬಳೇಶ್ವರಕ್ಕೆ, ನೆರೆ ತಿಂಥಣಿಗೆ: ನಿಮ್ಮ ಹೊಲದ ನೀರಿನ ನಕ್ಷೆ ನೀವೇ ಬರೆಯಿರಿ

ಆಗಸ್ಟ್ ಮೊದಲ ವಾರ ಅಂದುಕೊಳ್ಳಿ. ಹತ್ತು ದಿನದಿಂದ ಮಳೆ ಇಲ್ಲ, ಹತ್ತಿ ಎಲೆ ಮಧ್ಯಾಹ್ನ ಜೋಲು ಬೀಳುತ್ತಿವೆ, ಎಡಿ ಹೊಡೆದರೆ ಧೂಳು ಏಳುತ್ತದೆ. ಅಷ್ಟರಲ್ಲಿ ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಮೆಸೇಜ್: ನಾರಾಯಣಪುರ ಡ್ಯಾಮಿನಿಂದ ನೀರು ಬಿಡುತ್ತಿದ್ದಾರೆ, ಹೊಳೆ ದಂಡೆಗೆ ಯಾರೂ ಹೋಗಬೇಡಿ, ಪಂಪ್‌ಸೆಟ್ ಎತ್ತಿಕೊಳ್ಳಿ. ಸಂಜೆಗೆ ತಿಂಥಣಿ ಬ್ರಿಡ್ಜ್ ಮೇಲೆ ಜಾತ್ರೆ. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲರದೂ ವಿಡಿಯೋ.

ಮೇಲೆ ಬರ, ಕೆಳಗೆ ನೆರೆ. ಇದು ಹ್ಯಾಂಗ? ನಮ್ಮ ಕಡೆಯ ಹುಡುಗರು ನನಗೆ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಹವಾಮಾನ ಬದಲಾವಣೆ ಅಂದರೆ ಟಿವಿಯಲ್ಲಿ ಕರಗುವ ಹಿಮ ತೋರಿಸುತ್ತಾರೆ. ನಮಗೆ ಅಷ್ಟು ದೂರ ಹೋಗುವುದು ಬೇಕಿಲ್ಲ. ತಿಂಥಣಿ ಬ್ರಿಡ್ಜಿನಿಂದ ಬೈಕ್ ತೆಗೆದುಕೊಂಡು ಅರ್ಧ ದಿನ ಸುತ್ತಿದರೆ ಸಾಕು, ಹವೆ ಬದಲಾದರೆ ಊರು, ಬೆಳೆ, ಜನ ಹೇಗೆ ಬದಲಾಗುತ್ತಾರೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಈ ವಾರ ಅದನ್ನೇ ನೋಡೋಣ. ಕೊನೆಗೆ ಒಂದು ಕೆಲಸ ಕೊಡುತ್ತೇನೆ, ಒಂದು ನೋಟ್‌ಬುಕ್ ಬೇಕಾಗುತ್ತದೆ.

ನಮ್ಮ ತಲೆ ಮೇಲೆ ಎರಡು ಆಕಾಶ

ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ. ಅಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ. ಸುರಪುರ, ಶಹಾಪುರ, ಯಾದಗಿರಿ ಸೇರಿರುವುದು ಈಶಾನ್ಯ ಒಣ ವಲಯಕ್ಕೆ. ಇಲ್ಲಿ ವರ್ಷದ ವಾಡಿಕೆ ಮಳೆ ಹೆಚ್ಚೂಕಡಿಮೆ 630ರಿಂದ 800 ಮಿ.ಮೀ. ಹೊಳೆಯಲ್ಲಿ ಬರುವ ನೀರು ನಮ್ಮ ಮೋಡದ್ದಲ್ಲ. ಘಟ್ಟದ ಮೋಡದ್ದು. ನಮ್ಮ ಹೊಲ ನೆನೆಯುವುದು ಒಂದು ಆಕಾಶದಿಂದ, ನಮ್ಮ ಹೊಳೆ ಮತ್ತು ಕಾಲುವೆ ತುಂಬುವುದು ಇನ್ನೊಂದು ಆಕಾಶದಿಂದ. ಎರಡೂ ಒಂದೇ ವರ್ಷ ಚೆನ್ನಾಗಿರಬೇಕು ಅಂತ ಕಾಯಿದೆ ಏನೂ ಇಲ್ಲ.

ನಡುವೆ ಡ್ಯಾಮುಗಳ ಸಾಲಿದೆ. ಮಹಾರಾಷ್ಟ್ರದಲ್ಲಿ ಕೊಯ್ನಾ, ವಾರಣಾ ಮತ್ತು ಇನ್ನಷ್ಟು. ನಮ್ಮ ಕಡೆ ಬಂದರೆ ಘಟಪ್ರಭಾ ಆಲಮಟ್ಟಿಯ ಹಿನ್ನೀರಿಗೆ ಸೇರುತ್ತದೆ. ಮಲಪ್ರಭಾ ಮಾತ್ರ ಆಲಮಟ್ಟಿ ದಾಟಿದ ಮೇಲೆ ಕೂಡಲಸಂಗಮದಲ್ಲಿ ಕೂಡುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಆಲಮಟ್ಟಿ ಹೊರಹರಿವು ಕಡಿಮೆ ಇದ್ದರೂ ಮಲಪ್ರಭೆಗೆ ನೆರೆ ಬಂದರೆ ಆ ನೀರು ನೇರ ನಾರಾಯಣಪುರಕ್ಕೆ ಬರುತ್ತದೆ, ಅಲ್ಲಿಂದ ನಮ್ಮ ದಂಡೆಗೆ. ಆದ್ದರಿಂದ ಪೇಪರಿನಲ್ಲಿ ಆಲಮಟ್ಟಿ ಅಂಕಿ ಒಂದನ್ನೇ ನೋಡಿ ಮಲಗಬೇಡಿ. ನೋಡಬೇಕಾದದ್ದು ನಾರಾಯಣಪುರದ ಒಳಹರಿವು. ಘಟ್ಟದಲ್ಲಿ ಜೋರು ಮಳೆ ಅಂತ ಸುದ್ದಿ ಬಂದಾಗಿನಿಂದ ನಮಗೆ ದಿನಗಳ ಅವಕಾಶ ಇರುತ್ತದೆ. ನಾರಾಯಣಪುರದ ಗೇಟ್ ಎತ್ತಿದ ಮೇಲೆ ಇರುವುದು ಕೆಲವೇ ತಾಸು.

ಒಂದು ಸಣ್ಣ ಲೆಕ್ಕ

2019ರ ಆಗಸ್ಟ್ ನೆನಪಿಸಿಕೊಳ್ಳಿ. ಆಗ ನಾರಾಯಣಪುರದಿಂದ ಹೊಳೆಗೆ ಬಿಟ್ಟ ನೀರು ಸುಮಾರು 6 ಲಕ್ಷ ಕ್ಯೂಸೆಕ್. ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ದಿನಕ್ಕೆ 86,400 ಸೆಕೆಂಡು. ಗುಣಿಸಿ ನೋಡಿ, ಒಂದೇ ದಿನಕ್ಕೆ ಸುಮಾರು 52 ಟಿಎಂಸಿ ಆಗುತ್ತದೆ. ನಾರಾಯಣಪುರದ ಬಸವಸಾಗರ ಡ್ಯಾಮ್ ಪೂರ್ತಿ ತುಂಬಿದರೂ ಹಿಡಿಯುವುದು 33 ಟಿಎಂಸಿ ಚಿಲ್ಲರೆ. ಖಾಲಿ ಡ್ಯಾಮನ್ನು ಒಂದು ದಿನದಲ್ಲಿ ಒಂದೂವರೆ ಸಲ ತುಂಬುವಷ್ಟು ನೀರು ಅದು. ಹೀಗಿರುವಾಗ "ಡ್ಯಾಮಿನವರು ನೀರು ಹಿಡಿದಿಟ್ಟುಕೊಳ್ಳಬೇಕಿತ್ತು" ಅನ್ನುವ ಮಾತಿಗೆ ಹೆಚ್ಚು ಅರ್ಥ ಇಲ್ಲ. ಯಾವಾಗ ಬಿಟ್ಟರು, ಎಷ್ಟು ಮೊದಲೇ ಖಾಲಿ ಮಾಡಿಕೊಂಡಿದ್ದರು, ಊರಿಗೆ ಎಷ್ಟು ತಾಸು ಮುಂಚೆ ಹೇಳಿದರು ಅಂತ ಕೇಳಬಹುದು, ಕೇಳಲೇಬೇಕು.

ಇನ್ನೊಂದು ಕಡೆ ನೋಡಿ. ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮುಗಿಸಿ 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನಿ ಉದ್ಘಾಟಿಸಿದರು. ಆ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ನೀರಾವರಿ 4.5 ಲಕ್ಷ ಹೆಕ್ಟೇರ್. ಅಂದರೆ ದೊಡ್ಡ ನೆರೆಯ ದಿನ ಹೊಳೆಯಲ್ಲಿ ಹೋಗುವ ನೀರಿನ ಅರವತ್ತರಲ್ಲಿ ಒಂದು ಭಾಗವನ್ನು ಮಾತ್ರ ಕಾಲುವೆ ಒಯ್ಯಬಲ್ಲದು. ಉಳಿದದ್ದು ನಮ್ಮ ಕಣ್ಣ ಮುಂದೆಯೇ ಹೋಗುತ್ತದೆ. ಆಗಸ್ಟಿನ ನೆರೆ ನೋಡಿ ಮಾರ್ಚಿನ ನೀರಿಗೆ ಭರವಸೆ ಇಡಬಾರದು ಅನ್ನುವುದಕ್ಕೆ ಈ ಒಂದು ಅಂಕಿ ಸಾಕು.

ಹವೆ ಬದಲಾದದ್ದು ಎಲ್ಲಿ?

ನೆರೆ, ಬರ ಎರಡೂ ಹಿಂದೆಯೂ ಇದ್ದವು. 1972ರ ಬರದ ಕತೆ ಕೇಳದ ಮನೆ ನಮ್ಮ ಕಡೆ ಇಲ್ಲ. ಈಗ ಬದಲಾಗಿರುವುದು ಮಳೆ ಬೀಳುವ ರೀತಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಹಿಂದೂ ಮಹಾಸಾಗರದ ಮೇಲ್ಮೈ ಅದಕ್ಕಿಂತ ಬೇಗ ಬಿಸಿಯಾಗಿದೆ. ಹೆಚ್ಚು ಆವಿ ಹಿಡಿದ ಮೋಡ ಹೆಚ್ಚು ದಿನ ಸುಮ್ಮನೆ ತಿರುಗುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಮಧ್ಯ ಭಾರತದ ಪಟ್ಟಿಯಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಒಟ್ಟು ಮಳೆ ಅಷ್ಟೇ ಇರಬಹುದು, ಮಳೆಯ ದಿನ ಕಡಿಮೆಯಾಗಿ ನಡುವಿನ ಬಿಡುವು ಉದ್ದವಾಗುತ್ತದೆ.

ಇದು ಎರೆ ಹೊಲಕ್ಕೆ ಯಾಕೆ ಕಷ್ಟ? ಎರೆ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಉಬ್ಬುತ್ತದೆ. ಮೊದಲ ಅರ್ಧ ತಾಸಿನ ಮಳೆ ಬಿರುಕಿನೊಳಗೆ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಿದ್ದ ನೀರಿನಲ್ಲಿ ಹೆಚ್ಚಿನದು ಮಣ್ಣು ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತದೆ. ಅದೇ 60 ಮಿ.ಮೀ. ನಾಲ್ಕು ದಿನ ಹನಿ ಹನಿ ಬಿದ್ದಿದ್ದರೆ ಬಹುಪಾಲು ಹೊಲದಲ್ಲೇ ಉಳಿಯುತ್ತಿತ್ತು. ಮಳೆಮಾಪಕದಲ್ಲಿ ಎರಡೂ 60 ಮಿ.ಮೀ. ಅಂತಲೇ ಬರುತ್ತದೆ. ಬೆಳೆಗೆ ಸಿಕ್ಕಿದ್ದು ಬೇರೆ ಬೇರೆ.

2023 ಇನ್ನೊಂದು ಮುಖ ತೋರಿಸಿತು. ಆ ವರ್ಷ ಎರಡೂ ಆಕಾಶ ಕೈಕೊಟ್ಟವು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಕಾಲುವೆ ನೀರು ನಂಬಿ ಹಿಂಗಾರಿಗೆ ಭತ್ತದ ಸಸಿಮಡಿ ಹಾಕುವವರು ಆ ವರ್ಷ ಮಾಡಬೇಕಾದ ಲೆಕ್ಕವೇ ಬೇರೆ ಇತ್ತು.

ಒಂದೇ ಊರು, ಬೇರೆ ಬೇರೆ ನೆಲ

ಈಗ ಬೈಕ್ ತೆಗೆಯಿರಿ.

ಮೊದಲು ಹೊಳೆ ದಂಡೆ. ತಿಂಥಣಿಯ ಮೌನೇಶ್ವರ ಗುಡಿ ಹೊಳೆಗೆ ಹತ್ತಿಕೊಂಡೇ ಇದೆ. ಹಿಂದೂಗಳೂ ಮುಸ್ಲಿಮರೂ ಸೇರಿ ನಡೆಸುವ ಭಾರತ ಹುಣ್ಣಿಮೆಯ ಜಾತ್ರೆ ಮಾಘ ಮಾಸದಲ್ಲಿ ಬರುತ್ತದೆ, ಆಗ ಹೊಳೆ ಇಳಿದಿರುತ್ತದೆ. ಆಗಸ್ಟಿನಲ್ಲಿ ಅದೇ ದಂಡೆಯ ತಗ್ಗು ಹೊಲಗಳು ನೀರಿನಡಿ ಇರಬಹುದು. ಸ್ವಲ್ಪ ಮೇಲಕ್ಕೆ ಕಕ್ಕೇರಾ ಕಡೆ ನೀಲಕಂಠರಾಯನಗಡ್ಡಿ ಇದೆ. ಹೊಳೆ ನಡುವಿನ ಊರು. ನೆರೆ ಬಂದಾಗ ಆಸ್ಪತ್ರೆ, ಶಾಲೆ, ಸಂತೆ ಎಲ್ಲಕ್ಕೂ ಸಂಪರ್ಕ ಕಡಿದುಹೋಗುತ್ತಿತ್ತು. ಒಣ ಸೋರೆಬುರುಡೆ ಕಟ್ಟಿಕೊಂಡು ಜನ ಹೊಳೆ ಈಸಿದ ಸುದ್ದಿ 2014ರಲ್ಲಿ ದೇಶದ ಪೇಪರುಗಳಲ್ಲೆಲ್ಲ ಬಂದಿತ್ತು. ಕೆಳಗೆ ಶಹಾಪುರ ತಾಲೂಕಿನ ಕೊಳ್ಳೂರು (ಎಂ) ಬಳಿ ದೇವದುರ್ಗದ ಹೂವಿನಹೆಡಗಿಗೆ ಹೋಗುವ ಸೇತುವೆ ನೆರೆಯಲ್ಲಿ ಮುಳುಗಿತು ಅಂದರೆ ಎರಡು ಜಿಲ್ಲೆಯ ನಡುವಿನ ದಾರಿ ಬಂದ್. ನೀವು ತರಕಾರಿ ಬೆಳೆಯುವವರಾದರೆ ಇದು ಮಾರುಕಟ್ಟೆಯ ವಿಷಯವೂ ಹೌದು. ಟೊಮೆಟೊ ಹಣ್ಣಾಗುವ ವಾರ ಸೇತುವೆ ಮುಳುಗಿದರೆ ಬೆಳೆ ಚೆನ್ನಾಗಿದ್ದೂ ಏನು ಬಂತು?

ದಂಡೆಯಿಂದ ಮೇಲೆ ಬಂದರೆ ಕಾಲುವೆಯ ತಲೆಭಾಗ. ಕಣ್ಣು ಹಾಯುವಷ್ಟು ಭತ್ತ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ನಮ್ಮ ಕಡೆಯ ಜಗಳಗಳಲ್ಲಿ ಅರ್ಧ ಇಲ್ಲೇ ಹುಟ್ಟುವುದು.

ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಎಂಬತ್ತರ ದಶಕದಲ್ಲಿ ನಾರಾಯಣಪುರದ ನೀರು ಈ ಕಡೆಯ ಹೊಲಗಳಿಗೆ ಹರಿಯತೊಡಗಿತು. ಯೋಜನೆಯ ಲೆಕ್ಕ ಇದ್ದದ್ದು ಕಡಿಮೆ ನೀರಿನ ಬೆಳೆಗಳಿಗೆ: ಜೋಳ, ಶೇಂಗಾ, ತೊಗರಿ, ಹತ್ತಿ, ಕಡಲೆ. ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಅನ್ನುವ ಲೆಕ್ಕ ಅದು. ಭತ್ತ, ಕಬ್ಬು, ಬಾಳೆ ಹಾಕಬೇಡಿ ಅಂತ ಈಗಲೂ ಪ್ರಕಟಣೆ ಬರುತ್ತಲೇ ಇರುತ್ತದೆ. ಭತ್ತವೂ ಬೆಳೆಯುತ್ತಲೇ ಇರುತ್ತದೆ.

ಯಾಕೆ? ಆಂಧ್ರದ ಕರಾವಳಿ ಕಡೆಯಿಂದ ಬಂದು ಜಮೀನು ಕೊಂಡವರು ಭತ್ತದ ವಿದ್ಯೆ ತಂದರು. ಅವರ ಕ್ಯಾಂಪುಗಳು ತುಂಗಭದ್ರಾ ಕಡೆ ಮೊದಲು, ಆಮೇಲೆ ನಮ್ಮ ಕಡೆಯೂ ಬಂದವು. ಬಹಳ ಜನ ಅವರನ್ನೇ ಬೈದು ಮಾತು ಮುಗಿಸುತ್ತಾರೆ. ನಾನು ಬೈಯುವುದಿಲ್ಲ. ನೀರು ನಿಲ್ಲುವ ಭೂಮಿಯಲ್ಲಿ ಬೆಳೆ ತೆಗೆಯುವುದು ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ, ಹೊಲವನ್ನು ನಾವೇ ಮಾರಿದೆವು. ಇವತ್ತು ಭತ್ತ ಹಾಕುವವರಲ್ಲಿ ಈ ಮಣ್ಣಿನವರೇ ಬಹಳ ಜನ.

ಅದಕ್ಕಿಂತ ಬಲವಾದ ಕಾರಣ ಬಸಿ ನೀರು. ಮೇಲಿನ ಹೊಲದವರು ಭತ್ತಕ್ಕೆ ನೀರು ಕಟ್ಟಿ ನಿಲ್ಲಿಸಿದರು ಅನ್ನಿ. ಎರೆ ಮಣ್ಣಿನ ಕೆಳಪದರದಲ್ಲಿ ಆ ನೀರು ಮೆಲ್ಲಗೆ ಪಕ್ಕದ ಹೊಲಕ್ಕೆ ಬಸಿಯುತ್ತದೆ. ಪಕ್ಕದವನದು ಮೆಣಸಿನಕಾಯಿ. ಬೇರು ಕೊಳೆತು ಗಿಡ ಒಣಗುತ್ತದೆ. ಒಂದು ವರ್ಷ ನೋಡುತ್ತಾನೆ, ಎರಡು ವರ್ಷ ನೋಡುತ್ತಾನೆ, ಮೂರನೇ ವರ್ಷ ಅವನೂ ಭತ್ತ ಹಾಕುತ್ತಾನೆ. "ನಾ ಏನ್ ಮಾಡ್ಲಿ ತಮ್ಮಾ, ನನ್ನ ಹೊಲದಾಗ ಏನು ಬೆಳೀಬೇಕು ಅನ್ನೋದು ಮ್ಯಾಲಿನ ಹೊಲದವ್ರು ನಿರ್ಣಯ ಮಾಡ್ತಾರ" ಅಂತ ನಮ್ಮ ಕಾಕಾ ಒಬ್ಬರು ಹೇಳುತ್ತಿರುತ್ತಾರೆ. ಭೂಗೋಳ ಅಂದರೆ ಇದೇ. ಇಳಿಜಾರು, ಮಣ್ಣು, ನೆರೆಮನೆಯವರು ಮೂರೂ ಸೇರಿ ನಿಮ್ಮ ಬೆಳೆ ಗೊತ್ತು ಮಾಡುತ್ತವೆ. ಹೀಗೆ ಹತ್ತಾರು ವರ್ಷ ನೀರು ನಿಂತ ಕಡೆ ಉಪ್ಪು ಮೇಲೆ ಬಂದು ಸವಳು-ಜವಳು ಆಗುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪುಡಿ ಕಂಡರೆ ಅದೇ.

ಈಗ ಕೊನೆಭಾಗ. ನಮ್ಮ ತೋಟ ಇರುವುದೂ ಇಂಥ ಕಡೆಯೇ. ಕಾಲುವೆ ಇದೆ, ತೂಬು ಇದೆ, ನಕ್ಷೆಯಲ್ಲಿ ನಾವು ನೀರಾವರಿ ರೈತರು. ನೀರು ಬರುವುದು ಮಾತ್ರ ಮೇಲಿನವರಿಗೆ ಸಾಕಾದ ಮೇಲೆ. ಒಂದು ಎಕರೆ ಮೇಲೆ ಒಂದು ಮಿ.ಮೀ. ನೀರು ಅಂದರೆ ಸುಮಾರು 4,000 ಲೀಟರ್. ಭತ್ತಕ್ಕೆ ಮಳೆಯೂ ಸೇರಿ ಸುಮಾರು 1,200 ಮಿ.ಮೀ. ಬೇಕು ಅಂದರೆ ಎಕರೆಗೆ 48 ಲಕ್ಷ ಲೀಟರ್. ತೊಗರಿಗೋ ಹತ್ತಿಗೋ ಒಂದು ಸಲ 40 ಮಿ.ಮೀ. ಕೊಟ್ಟರೆ 1.6 ಲಕ್ಷ ಲೀಟರ್ ಸಾಕು. ಅಂದರೆ ಒಂದು ಎಕರೆ ಭತ್ತದ ನೀರಿನಲ್ಲಿ ಹತ್ತು ಎಕರೆ ತೊಗರಿಗೆ ಮೂರು ಮೂರು ಸಲ ನೀರು ಹಾಯಿಸಬಹುದು. ಮಳೆಯ ಬಿಡುವು ಉದ್ದವಾಗುತ್ತಿರುವ ಕಾಲದಲ್ಲಿ ಹೂವಿನ ಹಂತಕ್ಕೆ ಸಿಗುವ ಆ ಒಂದು ನೀರು ಫಸಲನ್ನೇ ಉಳಿಸುತ್ತದೆ. ಮಳೆ ತಪ್ಪಿದ ಸಂಕಟ ತಲೆಭಾಗಕ್ಕೂ ಕೊನೆಭಾಗಕ್ಕೂ ಒಂದೇ. ಆ ಸಂಕಟ ಯಾರ ಹೊಲದಲ್ಲಿ ನಷ್ಟವಾಗಿ ಇಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಕಾಲುವೆಯ ಮೇಲೆ ನೀವು ನಿಂತ ಜಾಗ.

ಕೊನೆಗೆ ಮೇಲಿನ ಮಸಾರಿ ಹೊಲ, ಕಲ್ಲುಗುಡ್ಡ, ತಾಂಡಾಗಳು. ಇಲ್ಲಿಗೆ ಕಾಲುವೆಯೂ ಇಲ್ಲ, ಹೊಳೆಯೂ ಇಲ್ಲ. ಮೃಗಶಿರಾ ಮಳೆ ತಪ್ಪಿದರೆ ಸಜ್ಜೆ, ಶೇಂಗಾ ತಡ. ತಡವಾದರೆ ಇಳುವರಿ ಇಲ್ಲ. ಇಳುವರಿ ಇಲ್ಲ ಅಂದರೆ ದೀಪಾವಳಿ ಮುಗಿಸಿಕೊಂಡು ಬೆಂಗಳೂರು, ಮುಂಬೈ, ಪುಣೆಯ ಬಸ್ಸು.

ಗುಳೆಯೂ ಹವಾಮಾನದ ಸುದ್ದಿಯೇ

ಗುಳೆ ಹೋಗುವುದನ್ನು ನಾವು ಬಡತನ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರೊಳಗೆ ಬಹಳ ವಿಷಯ ಇದೆ. ಬೆಂಗಳೂರಿನಲ್ಲಿ ಏಳುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ ನಮ್ಮ ಜಿಲ್ಲೆಯ ಮಾತು ಕೇಳಿಸುತ್ತದೆ. 2020ರ ಲಾಕ್‌ಡೌನಿನಲ್ಲಿ ಅವರೆಲ್ಲ ಒಮ್ಮೆಲೇ ಊರಿಗೆ ಬಂದಾಗಲೇ ಎಷ್ಟು ಜನ ಹೊರಗಿದ್ದರು ಅನ್ನುವುದು ಊರಿಗೂ ಗೊತ್ತಾದದ್ದು. ಇನ್ನೊಂದು ಕಡೆ, ನಾಟಿ ಮತ್ತು ಹತ್ತಿ ಬಿಡಿಸುವ ಕಾಲಕ್ಕೆ ಕಾಲುವೆ ಕಡೆಯ ಊರುಗಳಿಗೆ ಇದೇ ತಾಂಡಾಗಳಿಂದ ಟಂಟಂ, ಕ್ರೂಸರ್ ತುಂಬಿಕೊಂಡು ಹೆಣ್ಣುಮಕ್ಕಳು ಹೋಗುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವುದೂ ಒಂದು ಸಣ್ಣ ಗುಳೆಯೇ.

ಗುಳೆ ಹೋದ ಮನೆಯಲ್ಲಿ ಏನಾಗುತ್ತದೆ ಅಂತ ಕೃಷಿಕರಾಗಿ ನೋಡಿ. ಮೊದಲು ದನ ಮಾರುತ್ತಾರೆ. ದನ ಹೋದರೆ ಗೊಬ್ಬರ ಹೋಯಿತು. ಗೊಬ್ಬರ ಹೋದರೆ ಮಸಾರಿ ಮಣ್ಣಿಗೆ ನೀರು ಹಿಡಿಯುವ ಶಕ್ತಿ ಹೋಯಿತು, ಅಂದರೆ ಮುಂದಿನ ವರ್ಷ ಅದೇ ಮಳೆಯಲ್ಲಿ ಇನ್ನೂ ಕಡಿಮೆ ಬೆಳೆ. ಬದು ಹಾಕುವ, ಹಳ್ಳದ ಹೂಳು ತೆಗೆಯುವ ಕೈಗಳು ಬೇಸಿಗೆಯಲ್ಲಿ ಊರಲ್ಲಿ ಇರುವುದಿಲ್ಲ. ಆ ಕೆಲಸ ಆಗಬೇಕಾದದ್ದೇ ಬೇಸಿಗೆಯಲ್ಲಿ. ಕೃಷ್ಣಾ ಕಣಿವೆ ಅಂತ ಈ ಹೊಳೆಯ ಹೆಸರಿನದೇ ಒಂದು ದನದ ತಳಿ ಇದೆ, ಎರೆ ಭೂಮಿಯ ಭಾರದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಈಗ ಹುಡುಕಿದರೂ ಸಿಗುವುದು ಕಷ್ಟ.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು ಅನಿಸುತ್ತದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆದು ನೋಡಿದ ಬೂದಿದಿಬ್ಬ ಇದೆ. ನವಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ ಸುಟ್ಟಿದ್ದರಿಂದ ಆದ ದಿಬ್ಬ ಅದು. ಹುಣಸಗಿ ಬಳಿಯ ಇಸಾಂಪುರದಲ್ಲಿ ಇನ್ನೂ ಹಳೆಯದು, ಸುಮಾರು 12 ಲಕ್ಷ ವರ್ಷದ ಹಿಂದಿನ ಕಲ್ಲಿನ ಆಯುಧ ಮಾಡುವ ಜಾಗ ಸಿಕ್ಕಿದೆ. ಒಣಸೀಮೆ ಅಂತ ಕರೆಸಿಕೊಳ್ಳುವ ಈ ನೆಲದಲ್ಲಿ ಅಷ್ಟು ಹಿಂದಿನಿಂದ ಮನುಷ್ಯರು ನಿಂತದ್ದಕ್ಕೆ ಆ ಕಣಿವೆಯ ಬುಗ್ಗೆ ನೀರು, ಹಳ್ಳದ ಮಡುಗಳು ಒಂದು ಕಾರಣ. 1840ರ ದಶಕದಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಕೂಡ ಕೆರೆಗಳಿಗೆ ಕೈಹಾಕಿದ್ದ. ಬೋನಾಳ ಕೆರೆ ಇವತ್ತು ಪಕ್ಷಿಧಾಮ. ಹೊಳೆ ಇಷ್ಟು ಹತ್ತಿರ ಇದ್ದರೂ ನಮ್ಮ ಹಿಂದಿನವರು ಬಿದ್ದ ಮಳೆಯನ್ನು ನಿಲ್ಲಿಸುವುದರ ಮೇಲೆ ಬದುಕಿದ್ದರು. ಕಾಲುವೆ ಬಂದ ಮೇಲೆ ಆ ಕೆಲಸ ನಿಧಾನವಾಗಿ ಬಿಟ್ಟುಹೋಯಿತು.

ಈಗ ನಿಮ್ಮ ಕೆಲಸ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಿಮ್ಮ ಹೊಲ ಬರೆಯಿರಿ. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ಹಾಕಿದರೆ ಗಡಿ ಕಾಣುತ್ತದೆ, ಅದನ್ನು ನೋಡಿ ಬರೆಯಬಹುದು. ಸುತ್ತಲಿನ ಹೊಲ, ಹಳ್ಳ, ಕಾಲುವೆ, ತೂಬು ಗುರುತು ಮಾಡಿ. ಮುಂದಿನ ಜೋರು ಮಳೆ ಬಂದಾಗ ಕೊಡೆ ಹಿಡಿದು ಹೊಲಕ್ಕೆ ಹೋಗಿ (ಸಿಡಿಲು ಇದ್ದರೆ ಬೇಡ, ದಾಮಿನಿ ಆ್ಯಪ್ ನೋಡಿಕೊಳ್ಳಿ). ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಎಲ್ಲಿ ಎರಡು ದಿನ ನಿಲ್ಲುತ್ತದೆ ಅಂತ ಬಾಣದ ಗುರುತು ಹಾಕಿ, ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. 2009, 2019ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ತೋರಿಸಿಕೊಳ್ಳಿ. ಆ ಗೆರೆ ನಕ್ಷೆಯಲ್ಲಿ ಬರಲಿ. ಕಾಲುವೆ ನೀರು ಕಳೆದ ಮೂರು ವರ್ಷ ಯಾವ ತಿಂಗಳಲ್ಲಿ ನಿಮ್ಮ ತೂಬಿಗೆ ನಿಜವಾಗಿ ಬಂತು ಅಂತ ಬರೆಯಿರಿ. ಸಲಹಾ ಸಮಿತಿ ಘೋಷಿಸಿದ ತಾರೀಖು ಬೇಡ, ನೀರು ಬಂದ ತಾರೀಖು ಬೇಕು.

ಈ ನಕ್ಷೆ ಇಟ್ಟುಕೊಂಡು ಬೆಳೆ ನಿರ್ಧಾರ ಮಾಡಿ.

ನೆರೆ ಗೆರೆಯ ಕೆಳಗಿನ ಹೊಲಕ್ಕೆ ಹಣ್ಣಿನ ಗಿಡ, ಹನಿ ನೀರಾವರಿ ಪೈಪು, ಶೆಡ್ಡು ಯಾವುದೂ ಬೇಡ. ಅಲ್ಲಿ ಹಿಂಗಾರಿಯೇ ನಿಮ್ಮ ಮುಖ್ಯ ಹಂಗಾಮು. ನೆರೆ ಇಳಿದ ಮೇಲಿನ ಹಸಿಯಲ್ಲಿ ಕಡಲೆ, ಬಿಳಿಜೋಳ, ಕಲ್ಲಂಗಡಿ, ಸೌತೆ ಬರುತ್ತವೆ. ದಂಡೆ ಅಂಚಿಗೆ ಹೊಂಗೆ, ನೇರಳೆ, ಹೊಳೆಮತ್ತಿ ಹಚ್ಚಿ, ಮಣ್ಣು ಹಿಡಿಯುತ್ತವೆ. ಪಂಪ್‌ಸೆಟ್ಟನ್ನು ಇಬ್ಬರು ಅರ್ಧ ತಾಸಿನಲ್ಲಿ ಬಿಚ್ಚಿ ಮೇಲೆ ಒಯ್ಯುವ ಹಾಗೆ ಕೂರಿಸಿ.

ತಲೆಭಾಗದವರು ಭತ್ತ ಬಿಡುವುದಿಲ್ಲ ಅಂದರೆ ಭತ್ತದ ನೀರನ್ನಾದರೂ ಇಳಿಸಬಹುದು. ತೂತು ಹಾಕಿದ ಪೈಪ್ ತುಂಡೊಂದನ್ನು ಗದ್ದೆಯಲ್ಲಿ ಹುಗಿದು, ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಹೋದ ಮೇಲೆ ಮತ್ತೆ ಕಟ್ಟಿ. ಹೂವಿನ ಹಂತದಲ್ಲಿ ಮಾತ್ರ ಒಣಗಲು ಬಿಡಬೇಡಿ. ಕೂರಿಗೆ ಭತ್ತ ಇನ್ನೊಂದು ದಾರಿ, ಕಳೆಗೆ ಮೊದಲೇ ತಯಾರಿ ಬೇಕು. ಪಕ್ಕದ ಹೊಲದ ಗಡಿಗೆ ಆಳವಾದ ಬಸಿಗಾಲುವೆ ತೆಗೆದುಕೊಡುವುದು ಮೇಲಿನ ಹೊಲದವರ ಜವಾಬ್ದಾರಿ ಅಂತ ನನ್ನ ಅಭಿಪ್ರಾಯ. ಕಾನೂನು ಏನೇ ಹೇಳಲಿ, ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಕೂತು ಮಾತಾಡಿದರೆ ಆಗುವ ಕೆಲಸ ಇದು. ಆ ಸಂಘದ ಸಭೆಗೆ ಹುಡುಗರು ಹೋಗುವುದಿಲ್ಲ, ಹಿರಿಯರು ನಾಲ್ಕು ಜನ ಸಹಿ ಮಾಡಿ ಎದ್ದು ಬರುತ್ತಾರೆ. ನೀವು ಹೋಗಿ. ನೀರು ಬಂದ ತಾರೀಖಿನ ಪಟ್ಟಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಬಿಳಿ ಪುಡಿ ಕಂಡ ಹೊಲದ ಮಣ್ಣನ್ನು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಭೀಮರಾಯನಗುಡಿಯ ಕೃಷಿ ಕಾಲೇಜಿಗೋ ಒಯ್ದು ಕೇಳಿ. ಬರೀ ಉಪ್ಪೋ, ಕ್ಷಾರವೋ ಗೊತ್ತಾಗದೆ ಜಿಪ್ಸಂ ಸುರಿಯಬೇಡಿ. ಡಯಾಂಚ ಬಿತ್ತಿ ಹೂವಿಗೆ ಮುಂಚೆ ಮಣ್ಣಿಗೆ ಸೇರಿಸುವುದು ಎರಡಕ್ಕೂ ಒಳ್ಳೆಯದು.

ಕೊನೆಭಾಗದವರು ಕಾಲುವೆಯನ್ನು ಹೆಚ್ಚುವರಿ ಅಂತ ಹಿಡಿಯಿರಿ, ಆಧಾರ ಅಂತ ಹಿಡಿಯಬೇಡಿ. ಖುಷ್ಕಿ ಬೆಳೆ ಯೋಜನೆ ಮಾಡಿ, ಕಾಲುವೆ ನೀರು ಒಂದು ಸಲ ಬಂದರೂ ಹೂವಿನ ಹಂತಕ್ಕೆ ಸಿಗುವ ಹಾಗೆ ಬಿತ್ತನೆ ಹೊಂದಿಸಿ. ತೊಗರಿ ಜತೆ ಸಜ್ಜೆಯೋ ಹೆಸರೋ ಅಕ್ಕಡಿ ಇರಲಿ, ಒಂದು ಹೋದರೆ ಒಂದು ಉಳಿಯುತ್ತದೆ. ತೊಗರಿ 45-50 ದಿನಕ್ಕೆ ಕುಡಿ ಚಿವುಟಿದರೆ ಟೊಂಗೆ ಹೆಚ್ಚು. ಹಿಂಗಾರಿ ಜೋಳಕ್ಕೆ ಬಿಡುವ ಎರೆ ಹೊಲದಲ್ಲಿ ಜೂನ್-ಜುಲೈನಲ್ಲೇ ಚೌಕು ಮಡಿ ಹಾಕಿ. ಇಳಿಜಾರು ಶೇ. 1ರ ಒಳಗಿದ್ದರೆ 6 ಮೀಟರ್ ಚೌಕ, ಹೆಚ್ಚಿದ್ದರೆ 4.5, ಇನ್ನೂ ಹೆಚ್ಚಿದ್ದರೆ 3 ಮೀಟರ್. ಉತ್ತರೆ ಮಳೆಯವರೆಗೆ ಬಿದ್ದದ್ದೆಲ್ಲ ಅಲ್ಲೇ ಇಂಗುತ್ತದೆ. ಒಮ್ಮೆಲೇ ಸುರಿಯುವ ಮಳೆಗೆ ಇದಕ್ಕಿಂತ ಕಡಿಮೆ ಖರ್ಚಿನ ಉಪಾಯ ನನಗೆ ಕಂಡಿಲ್ಲ.

ಕೃಷಿ ಹೊಂಡ ತೆಗೆಸುವವರಿಗೆ ಒಂದು ಲೆಕ್ಕ. 10×10×3 ಮೀಟರ್ ಹೊಂಡ ಅಂದರೆ ಕಾಗದದ ಮೇಲೆ 3 ಲಕ್ಷ ಲೀಟರ್. ಬದಿ ಕುಸಿಯಬಾರದು ಅಂತ 1:1 ಇಳಿಜಾರು ಕೊಟ್ಟರೆ ತಳ 4×4 ಮೀಟರ್ ಉಳಿಯುತ್ತದೆ, ನೀರು ಹಿಡಿಯುವುದು ಒಂದೂವರೆ ಲಕ್ಷ ಲೀಟರ್ ಚಿಲ್ಲರೆ. ಅದು ಒಂದು ಎಕರೆಗೆ ಒಂದು ಸಲದ 40 ಮಿ.ಮೀ. ನೀರು. ಅಷ್ಟಕ್ಕೇ ಬೆಳೆ ಉಳಿಯುವುದಾದರೆ ತೆಗೆಸಿ, ನಾಲ್ಕು ಎಕರೆ ಮೆಣಸಿನಕಾಯಿಗೆ ಅಂತ ತೆಗೆಸಿದರೆ ಸಾಲದು. ನೀರು ಒಳಬರುವ ಕಡೆ ಹೂಳುಗುಂಡಿ ಮರೆಯಬೇಡಿ.

ಮಸಾರಿ ಹೊಲದವರಿಗೆ ನಾನು ಹೇಳುವುದು ಮರ. ಸೀತಾಫಲ, ಬಾರೆ, ಹುಣಸೆ, ನುಗ್ಗೆ. ಬದುವಿನ ಮೇಲೆ, ಸಾಲುಗಳ ನಡುವೆ ಸಜ್ಜೆ, ಶೇಂಗಾ ಎಂದಿನಂತೆ. ಮೊದಲ ಎರಡು ಬೇಸಿಗೆ ಗಿಡ ಉಳಿಸಿಕೊಳ್ಳುವುದೇ ಕಷ್ಟ, ಅದಕ್ಕೆ ಮನೆಯಲ್ಲಿ ಒಬ್ಬರಾದರೂ ಬೇಸಿಗೆಯಲ್ಲಿ ಊರಲ್ಲಿ ಉಳಿಯಬೇಕು. ಗುಳೆ ಹೋಗುವ ಮನೆಯಾದರೆ ಐವತ್ತು ಗಿಡ ಬೇಡ, ಕೊಡದಲ್ಲಿ ನೀರು ಹಾಕಿ ಉಳಿಸುವಷ್ಟು ಹತ್ತು ಗಿಡ ಸಾಕು. ಆಡು ಕಟ್ಟಿದ ಮನೆ ಪಕ್ಕದಲ್ಲಿದ್ದರೆ ಸೀತಾಫಲವೇ ಹಾಕಿ, ಅದರ ಎಲೆ ಆಡು ಮುಟ್ಟುವುದಿಲ್ಲ.

ಬೆಳೆ ವಿಮೆ ತುಂಬಿದವರಿಗೆ ಕೊನೆಯದೊಂದು. ಹೊಲಕ್ಕೆ ನೀರು ನುಗ್ಗಿ ನಷ್ಟವಾದರೆ 72 ತಾಸಿನ ಒಳಗೆ ತಿಳಿಸಬೇಕು. ನೆರೆಯಲ್ಲಿ ರಸ್ತೆ, ಕರೆಂಟು ಹೋಗಿರುತ್ತವೆ, ಮೂರು ದಿನ ಹೇಗೆ ಕಳೆಯಿತು ಗೊತ್ತಾಗುವುದಿಲ್ಲ. ಪಾಲಿಸಿಯ ಅರ್ಜಿ ನಂಬರು, ಸರ್ವೆ ನಂಬರು, ವಿಮಾ ಕಂಪನಿಯ ಟೋಲ್‌ಫ್ರೀ ನಂಬರು ಮೂರನ್ನೂ ಈಗಲೇ ಆ ನಕ್ಷೆಯ ಪುಟದ ಮೂಲೆಯಲ್ಲಿ ಬರೆದು, ಪುಟದ ಫೋಟೋ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.